ನಮ್ಮ ದೊಡ್ಡಮ್ಮನಿಗೆ ಇನ್ನು ಕಾರು ಕಳಿಸಬೇಡಿ

ಸುಲಭ ಬಳಕೆಯ ಮುದ್ರೆ ನೀಡುವ ಮಂಡಳಿಯ ಮಾನ್ಯ ಅಧ್ಯಕ್ಷರೇ,

‘ಯಾರ ಕೈಗಾದರೂ ಸುಲಭ’ ಎಂದು ನೀವು ಮುದ್ರೆ ಒತ್ತಿ ಕಳಿಸಿದ ಇನ್ಹೇಲರನ್ನು ನನ್ನ ಅಮ್ಮನಿಗೆ ತೆರೆಯಲಾಗಲಿಲ್ಲ. ಆ ಹೊತ್ತಿನಲ್ಲಿ ಅವಳಿಗೆ ಉಸಿರು ಸಿಗುತ್ತಿರಲಿಲ್ಲ. ಔಷಧ ಪೂರ್ತಿ ತುಂಬಿತ್ತು, ಅವಧಿ ಮೀರಿರಲಿಲ್ಲ, ಅವಳ ಅಂಗೈಯಲ್ಲೇ ಇತ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರಲ್ಲ, ಇಲ್ಲಿ ಬಾರದೆ ಹೋದದ್ದು ತುತ್ತಲ್ಲ, ಪ್ರಾಣವಾಯು. ಈ ವಿಷಯವನ್ನು ನಿಮ್ಮ ಕಚೇರಿಯ ಗಾಜಿನ ಕಿಂಡಿಯಲ್ಲಿ ಹೇಳಿ ನೋಡಿದೆ. ಕೇಳಿಸಲಿಲ್ಲ. ಅದಕ್ಕೇ ಈಗ ಎಲ್ಲರಿಗೂ ಕೇಳುವ ಹಾಗೆ ಹೇಳುತ್ತಿದ್ದೇನೆ.

ಮೊದಲು ನನ್ನ ಪರಿಚಯ. ನಾನು ನಗರದ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವಳು. ಅನುಮಾನ ಪಡುವುದೇ ನನ್ನ ಹೊಟ್ಟೆಪಾಡು. ನಾನು ಹತ್ತಿದೊಡನೆ ಗಾಢ ನಿದ್ದೆಗೆ ಜಾರುವವರು, ಅಲ್ಲಿಯವರೆಗೆ ಕಣ್ಣಿಗೇ ಬೀಳದಿದ್ದ ಕಿಟಕಿಯಾಚೆಯ ಸೌಂದರ್ಯವನ್ನು ಸವಿಯತೊಡಗುವವರು, ಕೇಳುವ ಮೊದಲೇ “ಪಾಸು ಮನೇಲಿದೆ” ಅನ್ನುವವರು, ಹೀಗೆ ಹೆಗಲು ಮುಟ್ಟಿ ನೋಡಿಕೊಳ್ಳುವ ಕುಂಬಳಕಾಯಿ ಕಳ್ಳರನ್ನು ದಿನವಿಡೀ ನೋಡುವ ಕಣ್ಣು ನನ್ನದು. ಮೊಸರಿನಲ್ಲಿ ಕಲ್ಲು ಹುಡುಕುವವಳು ಎಂದು ಅಮ್ಮ ನನ್ನನ್ನು ಬೈಯುವುದುಂಟು. ಈ ಸಲ ಕಲ್ಲು ನಿಜವಾಗಿಯೂ ಇತ್ತು, ಅದು ಸಿಕ್ಕಿದ್ದು ಅವಳ ಹಲ್ಲಿಗೇ.

ನಿಮ್ಮ ಮುದ್ರೆಯ ಮೇಲೆ ನನಗೆ ಮೊದಲಿನಿಂದಲೂ ಗುಮಾನಿ. ಆ ಹಸಿರು ಬಣ್ಣದ ನಗುವ ಅಂಗೈ ನಮ್ಮ ಮನೆಯ ತುಂಬ ಇದೆ. ಹಾಲಿನ ಪೊಟ್ಟಣದ ಮೇಲಿದೆ. ‘ಇಲ್ಲಿ ಹರಿಯಿರಿ’ ಎಂದು ಬರೆದ ಜಾಗವೊಂದನ್ನು ಬಿಟ್ಟು ಅದು ಮಿಕ್ಕೆಲ್ಲ ಕಡೆ ಹರಿಯುತ್ತದೆ. ಮಾತಾಡುವ ರಕ್ತದೊತ್ತಡದ ಯಂತ್ರದ ಮೇಲಿದೆ. ಅದರ ಗಂಟಲನ್ನು ಬಂದ್ ಮಾಡುವ ಗುಂಡಿ ಎಲ್ಲಿದೆ ಎಂದು ಯಾರಿಗೂ ತಿಳಿಯದೆ, ಅಮ್ಮನ ರಕ್ತದೊತ್ತಡ ಇಡೀ ಬೀದಿಗೆ ಗೊತ್ತು. ಟಾರ್ಚು ಜೋಡಿಸಿದ ಊರುಗೋಲಿನ ಮೇಲೂ ಇದೆ. ಟಾರ್ಚಿನ ಗುಂಡಿ ಇರುವುದು ಕೋಲಿನ ಬುಡದಲ್ಲಿ. ಬಗ್ಗಲಾರದವರಿಗೆಂದೇ ಊರುಗೋಲು ಮಾಡಿ, ಅದನ್ನು ಬೆಳಗಲು ಬಗ್ಗಬೇಕು ಎಂದವನ ತಲೆಗೆ ಏನು ಬಹುಮಾನ ಕೊಟ್ಟಿರೋ ತಿಳಿಯದು. ಇವನ್ನೆಲ್ಲ ನಾವು ನಕ್ಕು ಸಹಿಸಿದೆವು. ಪೊಟ್ಟಣ ಹರಿಯದಿದ್ದರೆ ಹಾಲು ಚೆಲ್ಲುತ್ತದೆ, ಅಷ್ಟೇ ತಾನೇ?

ಅಮ್ಮ ವಸತಿಗೃಹವೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿದ್ದವಳು. ಬೇರೆಯವರು ಮಲಗಿ ಎದ್ದ ಹಾಸುಗಳನ್ನು ವರ್ಷಗಟ್ಟಲೆ ಹಿಂಡಿದ ಕೈಗಳು ಅವು. ಈಗ ಬೆರಳಿನ ಗಂಟುಗಳು ಬಾತಿವೆ, ಹೆಬ್ಬೆರಳು ಒಳಕ್ಕೆ ಮಡಿಚಿಕೊಂಡಿದೆ. ಜೊತೆಗೆ ಉಬ್ಬಸ. ಹಳೆಯ ಇನ್ಹೇಲರಿನ ಮುಚ್ಚಳವನ್ನು ಸುಮ್ಮನೆ ಎಳೆದರೆ ಬರುತ್ತಿತ್ತು. ಅದು ಮುಗಿದಾಗ ಔಷಧದಂಗಡಿಯವನು ಹೊಸ ಮಾದರಿ ಕೊಟ್ಟ. “ಹಳೇದು ಇನ್ಮೇಲೆ ಬರಲ್ಲ. ಇದು ಅದಕ್ಕಿಂತ ಸುಲಭ, ಮುದ್ರೆ ನೋಡಿ,” ಎಂದ. ಹೊಸದರ ಎರಡು ಬದಿಯಲ್ಲೂ ಅವರೆಕಾಳಿನಷ್ಟು ತಗ್ಗುಗಳಿವೆ. ಎರಡನ್ನೂ ಒಟ್ಟಿಗೆ ಅದುಮಿ ಹಿಡಿದು, ಚೂರು ತಿರುಗಿಸಿ, ಮೇಲಕ್ಕೆ ಎಳೆಯಬೇಕು. ಚೀಲದಲ್ಲಿ ತಾನಾಗಿ ತೆರೆದುಕೊಳ್ಳಬಾರದಂತೆ, ಮಕ್ಕಳ ಕೈಗೆ ಸಿಗಬಾರದಂತೆ. ಒಳ್ಳೆಯ ಆಲೋಚನೆಯೇ. ಉಬ್ಬಸದವರ ಕೈಗೂ ಸಿಗಬಾರದು ಎಂಬುದನ್ನು ಮಾತ್ರ ಪೆಟ್ಟಿಗೆಯ ಮೇಲೆ ಬರೆದಿರಲಿಲ್ಲ.

ಆ ಮಧ್ಯಾಹ್ನ ಎದುರು ಕಟ್ಟಡದಲ್ಲಿ ಬಣ್ಣ ಬಳಿಯಲು ಗೋಡೆ ಉಜ್ಜುತ್ತಿದ್ದರು. ದೂಳು ಒಳಗೆ ಬಂತು. ನಾನು ಬಸ್ಸಿನಲ್ಲಿದ್ದೆ. ಅಮ್ಮ ಮೊದಲು ಬೆರಳಿನಿಂದ ನೋಡಿದಳು, ಆಮೇಲೆ ಹಲ್ಲಿನಿಂದ. ಮುಂದಿನ ಹಲ್ಲೊಂದರ ಚೂರು ಹೋಯಿತು, ಮುಚ್ಚಳ ಹೋಗಲಿಲ್ಲ. ಕೊನೆಗೆ ಅದನ್ನು ಕೋಣೆಯ ಬಾಗಿಲ ಸಂದಿಗೆ ಸಿಕ್ಕಿಸಿ, ಹಿಂದೆ ನಾವು ಗಟ್ಟಿ ಕಾಯಿಗಳನ್ನು ಒಡೆಯುತ್ತಿದ್ದ ಹಾಗೆ, ಬಾಗಿಲನ್ನು ದಬ್ಬತೊಡಗಿದಳು. ದಢಾರ್, ದಢಾರ್. ಕೆಳಗಿನ ಮನೆಯ ದರ್ಜಿಗೆ ಈ ಸದ್ದಿನಿಂದ ಹೊಲಿಗೆ ತಪ್ಪಿ ಸಿಟ್ಟು ನೆತ್ತಿಗೇರಿತು. “ಏನಮ್ಮಾ, ಯಾರ ಮೇಲಿನ ಕೋಪ ಇದು? ಪಾಪ, ಬಾಗಿಲು ನಿಮಗೇನು ಮಾಡ್ತು?” ಎಂದು ಕೂಗುತ್ತಲೇ ಮೆಟ್ಟಿಲು ಹತ್ತಿ ಬಂದ. ಬಂದು ನೋಡಿದರೆ ಅಮ್ಮ ನೆಲದ ಮೇಲೆ ಕೂತಿದ್ದಾಳೆ, ತುಟಿ ನೀಲಿ, ಕೈಯಲ್ಲಿ ನಿಮ್ಮ ನಗುವ ಅಂಗೈ. ಅವನ ಕೈಗೂ ಅದು ಬಗ್ಗಲಿಲ್ಲ, ಬೆವರಿಗೆ ಜಾರಿತು. ಅವನು ಕೆಳಗೆ ಓಡಿ, ಬಟ್ಟೆಗಲ್ಲದೆ ಬೇರೇನಕ್ಕೂ ತಾಗಿಸದ ತನ್ನ ದೊಡ್ಡ ಕತ್ತರಿ ತಂದು ಮುಚ್ಚಳದ ಮೂಲೆಯನ್ನು ಕತ್ತರಿಸಿದ. ಕತ್ತರಿಯ ಬಾಯಿ ಮುರಿಯಿತು. ಅಮ್ಮ ಉಳಿದಳು. ದರ್ಜಿಗೆ ಬಾಗಿಲ ಸದ್ದಿನ ಮೇಲೆ ಸಿಟ್ಟು ಬಾರದೆ ಇದ್ದಿದ್ದರೆ ನಾನು ಈ ಪತ್ರವನ್ನು ಬೇರೆ ತರಹ ಬರೆಯಬೇಕಾಗಿತ್ತು.

ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಒಬ್ಬರು ಆ ತುಂಡಾದ ಇನ್ಹೇಲರನ್ನು ಕಂಡು ಆಶ್ಚರ್ಯಪಡಲಿಲ್ಲ. ಔಷಧದ ಗಾಡಿಯ ಕೆಳಗಿನ ತಟ್ಟೆಯಿಂದ ಸ್ಟೀಲಿನ ಬಟ್ಟಲೊಂದನ್ನು ಎಳೆದು ತೋರಿಸಿದರು. ಅದರ ತುಂಬ ಮುಚ್ಚಳಗಳು!

“ಹೊಸಬರು ಕೆಲಸಕ್ಕೆ ಬಂದ್ರೆ ಮೊದಲು ಇದನ್ನೇ ಹೇಳ್ಕೊಡ್ತೀವಿ. ಮುಚ್ಚಳ ಕಿತ್ತು ಇಲ್ಲಿ ಹಾಕಿ, ಆಮೇಲೆ ರೋಗಿ ಕೈಗೆ ಕೊಡಿ ಅಂತ.”

“ಮೇಲಿನವರಿಗೆ ತಿಳಿಸಲಿಲ್ವಾ?”

“ತಿಳಿಸಿದ್ವಿ. ಮುದ್ರೆ ಇರೋ ವಸ್ತು, ತೆಗೆಯೋದನ್ನ ನೀವೇ ಸರಿಯಾಗಿ ಕಲೀರಿ ಅಂತ ಉತ್ತರ ಬಂತು.”

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನಿಮ್ಮ ಕಚೇರಿಯವರಿಗೆ ಬಲು ಪ್ರಿಯವೆಂದು ಕಾಣುತ್ತದೆ. ಮಾನ್ಯರೇ, ಒಂದು ವಾರ್ಡಿನ ರೋಗಿಗಳೆಲ್ಲ ಒಟ್ಟಿಗೆ ಮುಗ್ಗರಿಸಿದರೆ ಒಮ್ಮೆಯಾದರೂ ಬಗ್ಗಿ ನೆಲ ನೋಡಬಾರದೇ?

ಹೀಗೆ ನಾನು ನಿಮ್ಮ ಕಚೇರಿಗೆ ಬಂದೆ. ದೂರುಪೆಟ್ಟಿಗೆಯ ಬಾಯಿಗೆ ಅಂಟುಪಟ್ಟಿ ಹಚ್ಚಿತ್ತು. ಅದಕ್ಕೂ ಮುದ್ರೆ ಇತ್ತೋ ಏನೋ, ನೋಡಲಿಲ್ಲ. ಗಾಜಿನ ಹಿಂದಿನ ಗುಮಾಸ್ತರು ಬಹಳ ವಿನಯದಿಂದ, “ಎಪ್ಪತ್ತು ದಾಟಿದವರ ಕೈಲೇ ಪರೀಕ್ಷೆ ಮಾಡಿಸಿದ್ದೀವಿ ಮೇಡಂ. ಒಬ್ಬರೂ ಕಷ್ಟ ಅಂದಿಲ್ಲ,” ಎಂದರು. ಯಾರವರು ಎಂದೆ. “ಅದು ಗೌಪ್ಯ,” ಎಂದರು. ಗೌಪ್ಯ! ಬಸ್ಸಿನಲ್ಲಿ ಯಾರಾದರೂ ಟಿಕೆಟ್ ಇದೆ, ಆದರೆ ಅದು ಗೌಪ್ಯ ಎಂದರೆ ನಾನು ಅವರನ್ನು ಮುಂದಿನ ನಿಲ್ದಾಣದಲ್ಲಿ ಇಳಿಸುತ್ತೇನೆ. ನನ್ನ ತೀರ್ಮಾನ ಅಲ್ಲೇ ಆಗಿಹೋಯಿತು. ಮುದುಕರೂ ಇಲ್ಲ, ಪರೀಕ್ಷೆಯೂ ಇಲ್ಲ. ಕಂಪನಿಯವರು ಕೊಟ್ಟದ್ದನ್ನು ತಿಂದು ಮುದ್ರೆ ಕುಟ್ಟಿದ್ದಾರೆ. ದಾರಿಯುದ್ದಕ್ಕೂ ನಿಮ್ಮನ್ನು ಮನಸಾರೆ ಬೈದುಕೊಂಡು ಮನೆಗೆ ಬಂದೆ. ಒಪ್ಪುತ್ತೇನೆ, ಬೈದುದರಲ್ಲಿ ಸ್ವಲ್ಪ ತಪ್ಪಿತ್ತು. ನಿಜ ಅದಕ್ಕಿಂತ ಕೆಟ್ಟದಾಗಿತ್ತು.

ಅಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನ ನಮ್ಮ ದೊಡ್ಡಮ್ಮ ನೋಡಲು ಬಂದರು. ಅಮ್ಮನ ಅಕ್ಕ. ಎರಡು ಬೀದಿ ಆಚೆ ಮಗ ಸೊಸೆಯ ಜೊತೆ ಇದ್ದಾರೆ. ಗಡಿಯಾರದ ಕಾರ್ಖಾನೆಯಲ್ಲಿ ಚಿಮಟದಿಂದ ಕೂದಲೆಳೆಯಂಥ ಸ್ಪ್ರಿಂಗುಗಳನ್ನು ಕೂರಿಸುತ್ತಿದ್ದವರು. ಈ ವಯಸ್ಸಿನಲ್ಲೂ ಕನ್ನಡಕ ಹುಡುಕುವ ಮೊದಲೇ ಸೂಜಿಗೆ ದಾರ ಪೋಣಿಸಿರುತ್ತಾರೆ. ಆವತ್ತು ಅಮ್ಮನ ಮಂಚದ ಪಕ್ಕ ಕೂತು, ಸೊಸೆ ತರಕಾರಿಯನ್ನೂ ಹೆಚ್ಚಿದ್ದನ್ನೇ ತರಿಸುತ್ತಾಳೆ, ಆ ಮನೆಯಲ್ಲಿ ತಮ್ಮ ಕೈಗೆ ಕೆಲಸವೇ ಇಲ್ಲ ಎಂದು ದೂರುತ್ತಾ, ನಾನು ಆಗಷ್ಟೇ ತಂದು ಮೇಜಿನ ಮೇಲಿಟ್ಟಿದ್ದ, ಮುಚ್ಚಳ ಇನ್ನೂ ಕೀಳದ ಹೊಸ ಇನ್ಹೇಲರನ್ನು ಎತ್ತಿಕೊಂಡರು. ಟಕ್. ಕಡಲೆಕಾಯಿ ಸುಲಿದಂತೆ, ಒಂದೇ ಕೈಯಲ್ಲಿ, ನೋಡದೆಯೇ ತೆರೆದರು. ಮುಚ್ಚಿದರು. ಮತ್ತೆ ಟಕ್.

ಟಿಕೆಟ್ ತಪಾಸಣೆಯವಳ ಕಿವಿ ನೆಟ್ಟಗಾಯಿತು. “ದೊಡ್ಡಮ್ಮ, ನಿಮಗೆ ಉಬ್ಬಸ ಇಲ್ವಲ್ಲ. ಇದನ್ನ ತೆಗೆಯೋದು ಹೇಗೆ ಗೊತ್ತು?”

“ಅಯ್ಯೋ, ಇದಾ? ಇದು ನಂದು ಹಳೇ ಪಾಠ ಕಣೇ,” ಎಂದರು. ಅಂದವರೇ ನಾಲಗೆ ಕಚ್ಚಿಕೊಂಡರು.

ತಿಂಗಳಿಗೊಮ್ಮೆ ದೊಡ್ಡಮ್ಮನ ಮನೆ ಮುಂದೆ ಕಾರೊಂದು ಬರುತ್ತದೆ ಎಂಬುದು ನಮಗೆಲ್ಲ ಗೊತ್ತಿತ್ತು. ಅವರು ಇದ್ದುದರಲ್ಲಿ ಒಳ್ಳೆಯ ಬಟ್ಟೆ ಉಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಹತ್ತಿ ಹೋಗುತ್ತಿದ್ದರು. ನಿವೃತ್ತ ಕಾರ್ಮಿಕರ ಸಂಘದ ಕೆಲಸ ಇರಬೇಕೆಂದು ಅವರ ಮಗ ತಿಳಿದಿದ್ದ. ಆ ಕಾರು ನಿಮ್ಮದು. ನಿಮ್ಮ ‘ಎಪ್ಪತ್ತು ದಾಟಿದ ಬಳಕೆದಾರರು’ ನಮ್ಮ ದೊಡ್ಡಮ್ಮ.

“ಹೊರಗೆ ಹೇಳ್ಬಾರ್ದು ಅಂದಿದ್ರು ಕಣೇ. ಪರೀಕ್ಷೆ ವಿಷಯ ಹೊರಗೆ ಹೇಳ್ತಾರಾ?” ಎಂದರು. “ಎಷ್ಟು ಮರ್ಯಾದೆಯಿಂದ ನೋಡ್ಕೋತಾರೆ ಗೊತ್ತಾ! ಟೀ, ಬಿಸ್ಕತ್ತು, ದಿಂಬು ಇಟ್ಟ ಕುರ್ಚಿ. ಎರಡು ದಿನ ಮೊದಲೇ ಒಂದು ಮಾದರಿ ಮನೆಗೆ ಕಳಿಸ್ತಾರೆ, ಪರಿಚಯ ಆಗ್ಲಿ ಅಂತ. ಇದಂತೂ ಮೊದಲು ನಂಗೂ ಬಗ್ಗಲಿಲ್ಲ ನೋಡು. ಉಗುರು ಮುರೀತು. ಮಧ್ಯಾಹ್ನ ಎಲ್ಲಾ ಮಲಗಿದಾಗ ಕೂತು ಕೂತು ಸಾಧಿಸ್ದೆ.”

“ಕಷ್ಟ ಅಂತ ಅವರಿಗೆ ಹೇಳ್ಬೇಕಿತ್ತಲ್ವಾ ದೊಡ್ಡಮ್ಮ?”

ಅವರು ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದರು. “ಪರೀಕ್ಷೆ ಅಂದ್ಮೇಲೆ ಓದ್ಕೊಂಡು ಹೋಗ್ಬೇಡ್ವಾ? ಫೇಲಾಗಿ ಬಂದ್ರೆ ಮಾನ ಉಳಿಯುತ್ತಾ?”

ಮಾನ್ಯರೇ, ನಿಮ್ಮ ಕುರ್ಚಿಯಲ್ಲಿ ಕೂತ ಮುದುಕಿ ಪರೀಕ್ಷೆ ತನಗೆ ಎಂದು ತಿಳಿದಿದ್ದಳು. ಪರೀಕ್ಷೆ ಡಬ್ಬಿಗೆ ಎಂದು ಅವಳಿಗೆ ಯಾರೂ ಹೇಳಲಿಲ್ಲ. ನಿಮಗೆ ಹೇಳುವ ಮನಸ್ಸಿತ್ತೇ? ಅಥವಾ ಹೇಳಿಬಿಟ್ಟರೆ ಅವಳು ನಿಜ ಹೇಳಿಬಿಟ್ಟಾಳು ಎಂಬ ಭಯವಿತ್ತೇ?

ಏಕೆಂದರೆ ಇನ್ನೂ ಒಂದು ವಿಷಯವನ್ನು ದೊಡ್ಡಮ್ಮ ಹೇಳಿದರು. ಮೊದಮೊದಲು ಆ ಕೋಣೆಯಲ್ಲಿ ಬೆಂಚಿನ ತುಂಬ ಜನ ಇರುತ್ತಿದ್ದರಂತೆ. ಕೈ ನಡುಗುವ ಹಿರಿಯರೊಬ್ಬರು ಬರುತ್ತಿದ್ದರಂತೆ. “ಪಾಪ, ತುಂಬಾ ಒಳ್ಳೇ ಮನುಷ್ಯ. ಒಂದು ಸಲ ‘ಇದು ನನ್ನ ಕೈಲಾಗಲ್ಲ’ ಅಂತ ಕೆಳಗಿಟ್ಟುಬಿಟ್ರು. ಮುಂದಿನ ಸಲ ಅವರು ಕಾಣಲಿಲ್ಲ. ದಪ್ಪ ಕನ್ನಡಕದ ಹೆಂಗಸೊಬ್ಬಳು ಇದ್ದಳು, ಅಕ್ಷರ ಕಾಣಲ್ಲ ಅಂದ್ಳು. ಅವಳೂ ಬರ್ಲಿಲ್ಲ. ಫೇಲಾದೋರನ್ನ ಮತ್ತೆ ಕರೆಯಲ್ಲ ಅಂತ ನಮಗೆ ಗೊತ್ತಾಯ್ತು. ನನ್ನನ್ನ ಮಾತ್ರ ಪ್ರತಿ ತಿಂಗಳು ಕರೀತಾರೆ.” ಕೊನೆಯ ಮಾತನ್ನು ಹೇಳುವಾಗ ಅವರ ಮುಖದಲ್ಲಿ ಎಂಥ ಹೆಮ್ಮೆ ಇತ್ತೆಂದರೆ, ಮುಂದಿನದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಆದರೂ ಹೇಳಿದೆ. ಅಮ್ಮನ ಕೈಯಲ್ಲಿ ಆವತ್ತು ಇದ್ದದ್ದು ಇದೇ ಇನ್ಹೇಲರ್ ಎಂದೆ.

ದೊಡ್ಡಮ್ಮ ಇನ್ಹೇಲರನ್ನು ನೋಡಿದರು, ತಂಗಿಯ ಮುರಿದ ಹಲ್ಲನ್ನು ನೋಡಿದರು. ಅಮ್ಮನೇ ಮಾತಾಡಿದಳು. “ಅಕ್ಕ ಯಾವತ್ತು ಫೇಲಾಗಿದ್ದಾಳೆ ಹೇಳು. ಸ್ಕೂಲಲ್ಲೂ ಇವಳು ಪಾಸು, ಬೈಸಿಕೊಳ್ಳೋಳು ನಾನು,” ಎಂದು ನಗಲು ಹೋಗಿ ಕೆಮ್ಮಿದಳು, ಕೆಮ್ಮು ಉಬ್ಬಸಕ್ಕೆ ತಿರುಗಿತು. ದೊಡ್ಡಮ್ಮನ ಕೈ ಕಣ್ಣು ಮಿಟುಕಿಸುವುದರೊಳಗೆ ಇನ್ಹೇಲರನ್ನು ತೆರೆದು ತಂಗಿಯ ಬಾಯಿಗಿಟ್ಟಿತು. ಅಮ್ಮ ಸುಧಾರಿಸಿಕೊಂಡ ಮೇಲೆ, ಅವಳ ಗಂಟುಗಟ್ಟಿದ ಬೆರಳುಗಳನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಒಂದೊಂದಾಗಿ ಸವರುತ್ತಾ ಅವರು ಅತ್ತರು. ದೊಡ್ಡಮ್ಮನ ಮೇಲೆ ನನಗೆ ಸಿಟ್ಟು ಬರಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಆದರೆ ನಿವೃತ್ತಿಯಾದ ಮೇಲೆ ಆ ಕೈಗಳನ್ನು ಬೇಕು ಎಂದು ಕರೆದವರು ನೀವೊಬ್ಬರೇ. ಅದು ನೆನಪಾದಾಗ ಆ ಸಿಟ್ಟೂ ನಿಮ್ಮ ಕಡೆಗೇ ತಿರುಗಿತು.

ನನ್ನ ಮೊದಲ ಅನುಮಾನ ಸುಳ್ಳಾಯಿತು ಎಂದು ಈಗ ಬಹಿರಂಗವಾಗಿ ಒಪ್ಪುತ್ತೇನೆ. ಪರೀಕ್ಷೆ ನಡೆದಿತ್ತು. ವರದಿ ಅಸಲಿ, ವಯಸ್ಸು ಅಸಲಿ, ಮುದುಕಿಯೂ ಅಸಲಿ. ನೀವು ಯಾರಿಂದಲೂ ಬಿಡಿಗಾಸು ಮುಟ್ಟದೆ ಇರಬಹುದು. ಮುಟ್ಟುವ ಅಗತ್ಯವಾದರೂ ಏನಿತ್ತು? ಆಗುವುದಿಲ್ಲ ಎಂದವರನ್ನು ಒಬ್ಬೊಬ್ಬರಾಗಿ ಬಿಟ್ಟು, ಆಗುತ್ತದೆ ಎಂದವಳನ್ನು ಮತ್ತೆ ಮತ್ತೆ ಕರೆದರೆ ಸಾಕು, ಪ್ರಪಂಚದಲ್ಲಿ ಕಷ್ಟವೆಂಬುದೇ ಉಳಿಯುವುದಿಲ್ಲ. ನನ್ನ ಕೆಲಸಕ್ಕೆ ಹೋಲಿಸಿ ಹೇಳುತ್ತೇನೆ. ನಿನ್ನೆ ಟಿಕೆಟ್ ತೋರಿಸಿದವರನ್ನೇ ಇವತ್ತೂ, ನಾಳೆಯೂ ತಪಾಸಣೆ ಮಾಡುತ್ತಾ ಹೋದರೆ ಈ ನಗರದಲ್ಲಿ ಟಿಕೆಟ್ ಇಲ್ಲದವನು ಒಬ್ಬನೂ ಇಲ್ಲ ಎಂದು ನಾನೂ ವರದಿ ಬರೆಯಬಲ್ಲೆ. ಮೇಲಧಿಕಾರಿಗಳು ಮೆಚ್ಚಿ ಬೆನ್ನು ತಟ್ಟುತ್ತಾರೆ. ಮಾಡಬೇಕಾದದ್ದು ಇಷ್ಟೇ: ಮುಖ ತಿರುಗಿಸಿ ಕೂತವರ ಕಡೆ ನಾನೂ ಮುಖ ತಿರುಗಿಸುವುದು.

ಇದು ನಿಮಗೆ ಗೊತ್ತಿರಲಿಲ್ಲ ಎನ್ನುತ್ತೀರಾ? ಪ್ರತಿ ತಿಂಗಳು ಅದೇ ಮುಖ, ಅದೇ ಚುರುಕು ಬೆರಳು. ಈ ಅಜ್ಜಿ ಯಾಕೆ ಯಾವುದಕ್ಕೂ ಸೋಲುವುದಿಲ್ಲ, ಮೊದಲು ಏನು ಕೆಲಸ ಮಾಡುತ್ತಿದ್ದರು ಎಂದು ನಿಮ್ಮವರಲ್ಲಿ ಒಬ್ಬರಿಗೂ ಕೇಳಬೇಕೆನಿಸಲಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬೇಕಾಗುತ್ತದೆ, ಅಂಗೈ ನಗುತ್ತಲೇ ಇರಬೇಕೆಂದು ನಿರ್ಧರಿಸಿದವರಿಗೆ. ಗೊತ್ತಿದ್ದೂ ಕರೆದಿರಿ ಎಂಬುದು ನನ್ನ ಗುಮಾನಿ. ಅದನ್ನು ಸುಳ್ಳು ಮಾಡುವ ಅವಕಾಶ ನಿಮಗೆ ಈಗಲೇ ಒದಗಿ ಬಂದಿದೆ.

ಮೊನ್ನೆ ದೊಡ್ಡಮ್ಮನಿಗೆ ನಿಮ್ಮ ಕಚೇರಿಯಿಂದ ಮತ್ತೆ ಫೋನು ಬಂತು. ಈ ಸಲ ಸಕ್ಕರೆ ಕಾಯಿಲೆಯವರು ತಾವೇ ಚುಚ್ಚಿಕೊಳ್ಳುವ ಔಷಧದ ಪೆನ್ನು. ಮಾದರಿಯೂ ಬಂತು. ದೊಡ್ಡಮ್ಮ ಅದನ್ನು ಹಿಡಿದುಕೊಂಡು ನೇರವಾಗಿ ನಮ್ಮ ಮನೆಗೆ ಬಂದರು. “ಈ ಸಲ ಫೇಲಾಗ್ತೀನಿ. ಅದನ್ನೂ ಪ್ರಾಕ್ಟೀಸ್ ಮಾಡ್ಬೇಕಲ್ಲ,” ಎಂದು ಅಮ್ಮನ ಎದುರು ಕೂತರು. ಗಂಟಲು ಸರಿಮಾಡಿಕೊಂಡು “ಇದು ನನ್ನ ಕೈಲಾಗಲ್ಲ” ಎಂದರು. ಮಾತು ಮುಗಿಯುವಷ್ಟರಲ್ಲಿ ಪೆನ್ನಿನ ಮುಚ್ಚಳ ಅವರ ಮಡಿಲಲ್ಲಿ ಬಿದ್ದಿತ್ತು. ಎಡಗೈಯಲ್ಲಿ ಹಿಡಿದರು, ತೆರೆಯಿತು. ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡರು, ಆಗಲೂ ತೆರೆಯಿತು. “ಈ ಹಾಳು ಕೈ ನನ್ನ ಮಾತೇ ಕೇಳಲ್ವಲ್ಲೇ,” ಎಂದು ತಮ್ಮ ಕೈಗೆ ತಾವೇ ಹೊಡೆದುಕೊಂಡರು. ಆಗ ಅಮ್ಮ “ಕೊಡು ಇಲ್ಲಿ” ಎಂದು ಪೆನ್ನು ತೆಗೆದುಕೊಂಡಳು. ಒತ್ತಿದಳು, ತಿರುಗಿಸಿದಳು, ಮತ್ತೆ ಒತ್ತಿದಳು. ಬೆರಳು ಬಿಳಿಚಿಕೊಂಡವು, ಪೆನ್ನು ಜಾರಿ ಹಾಸಿಗೆಯ ಮೇಲೆ ಬಿತ್ತು. ಅವಳು ಅದನ್ನು ಎತ್ತಿ ಅಕ್ಕನ ಕೈಗೆ ವಾಪಸು ಕೊಟ್ಟು, “ನೋಡು, ಹೀಗೆ,” ಎಂದಳು. ಜೀವಮಾನದಲ್ಲಿ ಅಕ್ಕನಿಗೆ ಅವಳು ಏನನ್ನಾದರೂ ಹೇಳಿಕೊಟ್ಟದ್ದು ಅದೇ ಮೊದಲು. ಇಬ್ಬರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಆದ್ದರಿಂದ ನನ್ನ ಬೇಡಿಕೆ. ನಮ್ಮ ದೊಡ್ಡಮ್ಮನಿಗೆ ಇನ್ನು ಕಾರು ಕಳಿಸಬೇಡಿ. ಅದೇ ಕಾರು ಎರಡು ಬೀದಿ ಈಚೆ ನಮ್ಮ ಮನೆಗೆ ಬರಲಿ. ಅಮ್ಮ ಬಾಗಿಲಲ್ಲಿ ಕಾದಿರುತ್ತಾಳೆ. ಅವಳಿಗೆ ಮಾದರಿಯನ್ನು ಮುಂಚಿತವಾಗಿ ಕಳಿಸಕೂಡದು. ಉಬ್ಬಸ ಯಾರಿಗೂ ಎರಡು ದಿನದ ಮುನ್ಸೂಚನೆ ಕೊಡುವುದಿಲ್ಲ. ಕೈ ನಡುಗುವ ಆ ಹಿರಿಯರನ್ನೂ ದಪ್ಪ ಕನ್ನಡಕದ ಹೆಂಗಸನ್ನೂ ಹುಡುಕಿ ಕರೆಸಿ. ವಾರ್ಡಿನಿಂದ ಆ ಸ್ಟೀಲಿನ ಬಟ್ಟಲನ್ನು ತರಿಸಿ ನಿಮ್ಮ ಮೇಜಿನ ಮೇಲೆ ಇಟ್ಟುಕೊಳ್ಳಿ. ಆವತ್ತು ನೀವೂ ಎದುರಿಗೆ ಕೂತಿರಬೇಕು. ಅಮ್ಮ ತಡಕಾಡುವಾಗ ಸಹಾಯಕ್ಕೆ ಕೈ ಚಾಚಬೇಡಿ. ನಮ್ಮ ಮನೆಯಲ್ಲಿ ಆ ಮಧ್ಯಾಹ್ನ, ದರ್ಜಿ ಮೆಟ್ಟಿಲು ಹತ್ತಿ ಬರುವವರೆಗೆ, ಚಾಚಲು ಯಾರೂ ಇರಲಿಲ್ಲ. ಸುಮ್ಮನೆ ನೋಡಿ. ಅವಳು ನಿಮ್ಮ ಪೆನ್ನನ್ನು ಕೆಳಗಿಟ್ಟು “ನನ್ನ ಕೈಲಾಗಲ್ಲ” ಎನ್ನುತ್ತಾಳೆ. ಅವಳಿಗೆ ಅದರಲ್ಲಿ ಯಾವ ನಾಚಿಕೆಯೂ ಇಲ್ಲ. ಆಮೇಲೆ, ಮಾನ್ಯರೇ, ಮುಂದಿನ ತಿಂಗಳೂ ಅವಳನ್ನೇ ಕರೆಯಬೇಕು.

ಆ ತಿಂಗಳು ನಮ್ಮ ಬೀದಿಗೆ ಕಾರು ಬರುತ್ತದೋ ಇಲ್ಲವೋ ಎಂದು ನಾನು ಕಾದು ನೋಡುತ್ತಿರುತ್ತೇನೆ.

ಇಂತಿ,
ಟಿಕೆಟ್ ಇದ್ದವರನ್ನೂ ಎರಡು ಸಲ ನೋಡುವ, ಮುಚ್ಚಳ ಕಿತ್ತ ಇನ್ಹೇಲರನ್ನು ಅಮ್ಮನ ದಿಂಬಿನ ಪಕ್ಕ ಇಟ್ಟು ಕೆಲಸಕ್ಕೆ ಹೋಗುವ,
ಒಬ್ಬ ಮಗಳು